ನೋಡಿದ ಮುಖ

ಯಲ್ದೂರು ಕಡೆಯ ಶಾನುಭೋಗಿಕೆ ಬಿಟ್ಟ ಮೇಲೆ ನಮ್ಮ ತಂದೆ ದಿನವೂ ನನ್ನ ಜೊತೆ ಶ್ರೀನಿವಾಸಪುರದ ರಿಜಿಸ್ಟ್ರಿ ಕಚೇರಿಗೆ ಬರತೊಡಗಿದರು. ಕಚೇರಿಯ ಮುಂದಿನ ಹುಣಸೇಮರದಡಿ ನಾನು ಪತ್ರ ಬರೆಯುವವನು. ಅವರದು ಗುರುತಿನ ಸಾಕ್ಷಿ. ಪತ್ರ ಮಾಡಿಕೊಡುವವನು ಇಂಥವನೇ ಹೌದು, ನಾನು ಬಲ್ಲೆ ಎಂದು ರುಜು ಹಾಕುವುದು. ಅವರ ರುಜು ಇದ್ದರೆ ಸುತ್ತಿನ ಹಳ್ಳಿಗಳಲ್ಲಿ ಎರಡನೆಯ ಮಾತಿರಲಿಲ್ಲ. ಮೂಗು ನೋಡಿ ಮನೆತನ ಹೇಳುತ್ತಾರೆ ಎನ್ನುತ್ತಿದ್ದರು ಜನ. ಅದರ ಜಂಬ ನನಗೂ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ.

ಯುದ್ಧದ ವರ್ಷಗಳ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಹೊಸಬರನ್ನು ಕಂಡರೆ ಮೊದಲು ಹತ್ತು ಪ್ರಶ್ನೆ ಕೇಳುತ್ತಿದ್ದವರು ಈಗ ಒಂದನ್ನೂ ಕೇಳುತ್ತಿರಲಿಲ್ಲ. ಸಂತೆಯಲ್ಲಿ ಎದುರಾದವರೆಲ್ಲ ಪರಿಚಿತರು, ಎಲೆ ಮಾರಲು ಬಂದ ಹೊಸ ಹೆಂಗಸೂ ಪರಿಚಿತಳು. ಅಪ್ಪನಿಗೆ ಊರೆಲ್ಲ ನೆಂಟರಾದರು ಎಂದು ನಾನು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆ.

ಒಂದು ದಿನ ಒಬ್ಬ ಆಸಾಮಿ ಬಂದ. ಎಷ್ಟೋ ವರ್ಷಗಳ ಹಿಂದೆ ಯಲ್ದೂರು ಬಿಟ್ಟುಹೋದ ಒಬ್ಬನ ಹೆಸರು ಹೇಳಿ, ಅದು ತಾನೇ ಎಂದ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಒಬ್ಬಳೇ ನೋಡಿಕೊಂಡಿದ್ದ, ತನ್ನ ಹೆಸರಿನಲ್ಲಿರುವ ಮಾವಿನ ತೋಪನ್ನು ಮಾರಬೇಕಂತೆ. ಆ ತೋಪು ಹೋದರೆ ಆಕೆ ಬೀದಿಪಾಲು.

"ನೋಡಿದ ಮುಖವೇ ಕಣೋ," ಎಂದು ತಂದೆ ಲೇಖನಿಯನ್ನು ಮಸಿಗೆ ಅದ್ದಿದರು.

ಮುಖವನ್ನು ನಾನೂ ನೋಡಿದ್ದೆ. ಎರಡು ದಿನದ ಹಿಂದೆ ದಾರಿಹೋಕನಂತೆ ಬಂದು ನಮ್ಮ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ತಂದೆಯೊಡನೆ ತೆಲುಗಿನಲ್ಲಿ ಹರಟಿ ಹೋಗಿದ್ದವನು ಅವನೇ. ಕಿವಿಯಲ್ಲಿ ಹೇಳಬಹುದಿತ್ತು. ನಾನು ಎಲ್ಲರೆದುರೇ ಹೇಳಿದೆ.

"ಅಪ್ಪ, ನೀವು ಇವ್ರನ್ನ ನೋಡಿರೋದು ಮೊನ್ನೆ. ನಮ್ಮನೇಲಿ."

ಊರಿನಿಂದ ಕಾಗದ ತರುತ್ತೇನೆಂದು ಹೋದ ಆಸಾಮಿ ಮತ್ತೆ ಬರಲಿಲ್ಲ. ತೋಪು ಉಳಿಯಿತು. ತಂದೆ ಲೇಖನಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ನನಗೆ ಮಾತ್ರ ಒಳಗೊಳಗೇ ಗೆದ್ದ ಸಂತೋಷ.

ತಿಂಗಳಾದ ಮೇಲೆ ವಕ್ಕಲೇರಿಯಿಂದ ತಂದೆಯ ಬಾಲ್ಯದ ಗೆಳೆಯರೊಬ್ಬರು ಬಂದರು, ನಮ್ಮ ತಾಲ್ಲೂಕಿನಲ್ಲಿದ್ದ ಹೊಲವನ್ನು ಮಗಳಿಗೆ ದಾನಪತ್ರ ಮಾಡಿಕೊಡಲು. ಕೂಲಿಮಠದಲ್ಲಿ ಇಬ್ಬರೂ ಒಂದೇ ಮರಳಿನ ಮೇಲೆ ಅಕ್ಷರ ತಿದ್ದಿದವರು. ನನ್ನ ಮದುವೆಯಲ್ಲಿ ಪಂಕ್ತಿಗೆ ನಿಂತು ಬಡಿಸಿದವರು. ತಂದೆ ಅವರನ್ನು ಬಹಳ ಹೊತ್ತು ನೋಡಿದರು. ಮುಖ ಅರಳಿದ್ದನ್ನು ನಾನು ಕಂಡೆ. ಆಮೇಲೆ ಅದು ಮೆಲ್ಲಗೆ ಮುದುಡಿತು.

"ಏನ್ಲಾ, ರುಜು ಹಾಕೋಕೂ ಮುಹೂರ್ತ ನೋಡ್ತೀಯಾ?" ಎಂದು ಗೆಳೆಯರು ನಕ್ಕರು.

ತಂದೆ ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು.

"ಇವ್ರೂ ಮೊನ್ನೆ ನಮ್ಮನೇಗೆ ಬಂದಿದ್ರೇನೋ?"

ಇಲ್ಲ ಎಂದೆ. ಅವರು ತಲೆಯಾಡಿಸಿದರು, ಆದರೆ ಲೇಖನಿಯನ್ನು ನನ್ನ ಕಡೆಗೆ ಸರಿಸಿದರು. ಗುರುತಿನ ಸಾಕ್ಷಿಗೆ ಅಂದು ನಾನು ರುಜು ಹಾಕಿದೆ. ಗೆಳೆಯರಿಗೆ ಆ ಮಾತು ಕೇಳಿಸಿತ್ತು. ಅವರು ನಗುವುದನ್ನು ನಿಲ್ಲಿಸಿದ್ದರು.