ಕುಡಿಯದೆ ಇಟ್ಟ ಕಾಫಿ

ಬಿಸಿ ಕಾಫಿಯನ್ನು ಹಾಗೇ ಬಿಟ್ಟರೆ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದಲ್ಲ, ಅದನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಸಂಕಟ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಮ್ಯಾನರ್ಸ್ ಕಲಿಸಿದ ಸಿಸ್ಟರುಗಳು, ಕೊಟ್ಟದ್ದನ್ನು ಮುಟ್ಟದೆ ಬಿಡುವುದು ಕೊಟ್ಟವರ ಮುಖಕ್ಕೆ ಹೊಡೆದಂತೆ ಎಂದು ಎಷ್ಟು ಚೆನ್ನಾಗಿ ತಲೆಗೆ ತುಂಬಿದ್ದರೆಂದರೆ, ಯಾರ ಮನೆಯಲ್ಲಿ ಎಂಥ ಕಲಗಚ್ಚು ಕೊಟ್ಟರೂ ‘ಲವ್ಲೀ’ ಎಂದು ಕುಡಿದು ಮುಗಿಸುವ ಚಾಳಿ ಕೂದಲು ಪೂರ್ತಿ ಬೆಳ್ಳಗಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಕುಡಿಯದೆ ಇಡುವುದೂ ಒಂದು ಮರ್ಯಾದೆ, ಅದೂ ಒಂದು ಮಾತು ಎಂದು ನನಗೆ ಕಲಿಸಿದವಳು ಸಲ್ಮಾ.

ಸಲ್ಮಾ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಬಾಗಿಲಿನವಳು. ಇರಾಕಿನ ಬಸ್ರಾದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ನನ್ನ ಮಗಳು ಆಸ್ಪತ್ರೆಯ ಡ್ಯೂಟಿಗೆ ಹೊರಟ ಕೂಡಲೆ ಬಂದು ನನ್ನ ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಇಂಡಿಯನ್ ಗ್ರೋಸರಿಯವರು ನನ್ನನ್ನು ಕರೆಯುವುದನ್ನು ಕೇಳಿ ಅವಳೂ ‘ಅಕ್ಕಾ’ ಎನ್ನಲು ಕಲಿತಿದ್ದಳು, ಉಳಿದದ್ದೆಲ್ಲ ಇಂಗ್ಲಿಷು. ನನ್ನದು ಸಿಸ್ಟರುಗಳ ಇಂಗ್ಲಿಷು, ಅವಳದು ಭಾರದ ಬೀರುವನ್ನು ನೆಲದ ಮೇಲೆ ಎಳೆದಂಥ ಇಂಗ್ಲಿಷು. ಅವಳ ಕಡೆ, ದೊಡ್ಡ ಕೋರಿಕೆ ಹೊತ್ತು ಬಂದ ಅತಿಥಿ ಕೊಟ್ಟ ಕಾಫಿಯನ್ನು ಕುಡಿಯದೆ ಮುಂದೆ ಇಟ್ಟುಕೊಂಡು ಸುಮ್ಮನೆ ಕೂರುತ್ತಾನಂತೆ. ಅದು ಮನೆಯವನ ಕಣ್ಣಿಗೆ ಬೀಳಬೇಕು, ‘ಏನು ಬೇಕು, ಹೇಳು’ ಎಂದು ಅವನಾಗಿಯೇ ಕೇಳಬೇಕು. ಕೇಳಿಸಿಕೊಂಡು ‘ಕುಡಿ, ಆಯಿತು’ ಎಂದನೋ, ಆ ಮಾತು ಶಿಲಾಶಾಸನ. ತಲೆಮಾರುಗಳ ಹಗೆಗಳೂ ಹಾಗೆಯೇ ಮುಗಿಯುತ್ತವಂತೆ.

ಗಲ್ಫ್ ಯುದ್ಧ ಮುಗಿಯುತ್ತಿದ್ದಾಗ ಹೊರಗಿನಿಂದ ವಾಷಿಂಗ್ಟನ್ನಿನವರ ರೇಡಿಯೊ ಅವಳ ಜನರಿಗೆ ಸರ್ಕಾರದ ವಿರುದ್ಧ ಎದ್ದೇಳಿ ಎಂದಿತು. ಅವಳ ತಮ್ಮ ನಂಬಿ ಎದ್ದ. ಸರ್ಕಾರದ ಹೆಲಿಕಾಪ್ಟರುಗಳು ಬೀದಿಗಳ ಮೇಲೆ ಬಂದಾಗ, ಎದ್ದೇಳಿ ಎಂದವರ ಸೈನ್ಯ ದೂರದಲ್ಲಿ ನೋಡುತ್ತಾ ನಿಂತಿತ್ತು. ತಮ್ಮ ಮನೆಗೆ ಬರಲಿಲ್ಲ. ಆಮೇಲೂ ಉಳಿದದ್ದು ಹೊರದೇಶಗಳು ಹೇರಿದ್ದ, ಔಷಧಿಯೂ ಸಿಗದಂಥ ವ್ಯಾಪಾರ ನಿರ್ಬಂಧ. ಹೀಗಿದ್ದರೂ, ನೀವು ನಂಬಬೇಕು, ತನ್ನ ಊರಿನಲ್ಲಿ ಒಂದು ನಿಜವಾದ ಚುನಾವಣೆ ನೋಡಿ ಸಾಯಬೇಕೆಂದು ಸಲ್ಮಾಳಷ್ಟು ಆಸೆಪಟ್ಟವರನ್ನು ನಾನು ಕಂಡಿಲ್ಲ.

ಅಂಥವಳಿಗೆ ವಾಷಿಂಗ್ಟನ್ನಿನ ಯಾವುದೋ ಆಫೀಸಿನವರಿಂದ ಕರೆ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಮೀಟಿಂಗು. ಬಸ್ರಾದ ಅರ್ಧ ಊರಿನ ಹೆಣ್ಣುಮಕ್ಕಳು ಅವಳ ಕೈಕೆಳಗೆ ಓದಿದವರು; ಅವಳ ಧ್ವನಿಯಲ್ಲೇ ರೇಡಿಯೊದಲ್ಲಿ, ಸುಧಾರಣೆ ಕೇಳಿ, ಜಗತ್ತು ನಿಮ್ಮ ಜೊತೆಗಿದೆ ಎಂದು ಹೇಳಿಸಬೇಕು. ಇಂಗ್ಲಿಷಿಗೆಂದು ಅವಳು ನನ್ನನ್ನು ಜೊತೆಗೆ ಹೊರಡಿಸಿದಳು. ರೈಲಿನ ಕಿಟಕಿಯಾಚೆ ಹೊಸ ಕಂಪನಿಗಳ ಬೋರ್ಡುಗಳು ಒಂದಾದ ಮೇಲೊಂದು, ನಾಯಿಯ ಆಹಾರವನ್ನು ಇಂಟರ್ನೆಟ್ಟಿನಲ್ಲಿ ಮಾರಿ ಲೋಕವನ್ನೇ ಬದಲಿಸುತ್ತೇವೆಂದು ಮಾತು ಕೊಡುತ್ತಿದ್ದವು. “ನನಗೆ ಬೇಕಾದ್ದು ಒಂದೇ, ಅಕ್ಕಾ,” ಎಂದಳು. “ಎದ್ದೇಳಿ ಅಂದವರು ನಾವೇ, ನೋಡ್ತಾ ನಿಂತವರೂ ನಾವೇ ಅಂತ ಅವರು ತಮ್ಮ ಬಾಯಿಂದ, ಅದೇ ರೇಡಿಯೊದಲ್ಲಿ ಒಂದು ಸಲ ಹೇಳಲಿ. ಆಮೇಲೆ ನನ್ನ ಗಂಟಲು ಅವರದೇ. ಅಲ್ಲೀವರೆಗೆ ನನ್ನ ಹುಡುಗಿಯರನ್ನ ಯಾವ ಧೈರ್ಯದ ಮೇಲೆ ಬೀದಿಗೆ ಕರೀಲಿ?”

ನಮ್ಮನ್ನು ಕರೆಸಿದವನು ಒಳ್ಳೆಯ ಹುಡುಗ, ತನ್ನ ಕೈಯಾರೆ ಕಾಫಿ ಬಗ್ಗಿಸಿಕೊಟ್ಟ. ಸಲ್ಮಾ ಕಪ್ಪನ್ನು ಮೇಜಿನ ಮೇಲೆ ಇಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವನು ಮಾತಾಡಿದ, ಸೊಗಸಾಗಿಯೇ ಮಾತಾಡಿದ. ಕಾಫಿಯ ಹಬೆ ನಿಂತಿತು. ಕೊನೆಗೆ ಅವನ ಕಣ್ಣು ಕಪ್ಪಿನ ಮೇಲೆ ಬಿತ್ತು. ಈಗ ಕೇಳುತ್ತಾನೆ ಎಂದುಕೊಂಡೆ.

“ಸ್ಟ್ರಾಂಗ್ ಆಯ್ತಾ, ಮ್ಯಾಡಮ್? ಡೀಕ್ಯಾಫ್ ಇದೆ. ಟೀ ತರಲಾ?” ಎಂದು ಕೇಳಿದ, ಪಾಪ, ಉತ್ತರಕ್ಕೂ ಕಾಯದೆ ತರಲು ಎದ್ದೇ ಹೋದ.

“ನಾನು ಹೇಳಿಬಿಡಲಾ?” ಎಂದು ಪಿಸುಗುಟ್ಟಿದೆ.

ಸಲ್ಮಾ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದಳು. “ಬೇಡ. ನೀನು ಹೇಳಿಕೊಟ್ಟು ಅವನು ಕೇಳಿದರೆ, ಕೇಳಿದವಳು ನೀನಾಗ್ತೀಯ.”

ಅವನು ತಂದ ಟೀಯೂ ಕಾಫಿಯ ಪಕ್ಕದಲ್ಲಿ ಆರಿತು. ಯೋಚಿಸಿ ಫೋನ್ ಮಾಡಿ ಎಂದು ಬೀಳ್ಕೊಟ್ಟ. ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತು ನಾನು ರೇಗಿದೆ: ಅವನಿಗೆ ನಿಮ್ಮ ಪದ್ಧತಿ ಎಲ್ಲಿಂದ ಗೊತ್ತಾಗಬೇಕು, ಬಾಯಿಬಿಟ್ಟು ಕೇಳಬಾರದಿತ್ತೇ? “ಕಾಫಿ ವಿಷಯ ಗೊತ್ತಿಲ್ಲ, ಸರಿ,” ಎಂದಳು. “ಹೆಲಿಕಾಪ್ಟರ್ ವಿಷಯವೂ ಗೊತ್ತಿಲ್ಲ ಅಂತೀಯಾ? ಬಸ್ರಾದವಳು ಎದುರಿಗೆ ಕೂತಿದಾಳೆ, ಅದರ ಬಗ್ಗೆ ಒಂದು ಮಾತು ಬರಲಿಲ್ಲ.” ಅವಳು ಫೋನ್ ಮಾಡಲಿಲ್ಲ. ರೇಡಿಯೊಗೆ ಬೇರೊಂದು ಹೆಂಗಸಿನ ಧ್ವನಿ ಸಿಕ್ಕಿತು.

ಕ್ರೆಡಿಬಿಲಿಟಿ ಎಂಬ ಮಾತನ್ನು ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಕೇಳುತ್ತಿದ್ದೆ. ನಾನಾದರೋ ಅದು ಮಡಿಬಟ್ಟೆಯಂಥದು, ಮೈಲಿಗೆಯಾದರೆ ಒಗೆದು ಒಣಹಾಕಿದರೆ ಆಯಿತು ಎಂದುಕೊಂಡಿದ್ದೆ. ಬೋರ್ಡಿನ ಕಂಪನಿಗಳು ಒಂದೊಂದಾಗಿ ಮುಚ್ಚಿ, ಪಕ್ಕದೂರು ಹೇವರ್ಡಿನ ಗೋಡೌನಿನಲ್ಲಿ ಅವುಗಳ ಕುರ್ಚಿಗಳು ರಾಶಿಬಿದ್ದವು. ಮಾತು ತಪ್ಪಿದ ಕಂಪನಿಯ ಕುರ್ಚಿಯನ್ನಾದರೂ ಮಾರಬಹುದು. ಮಾತು ತಪ್ಪಿದ ದೇಶ ಮತ್ತೆ ಬಂದು ಒಳ್ಳೆಯ ಮಾತನ್ನೇ ಆಡಿದಾಗ ಆ ಒಳ್ಳೆಯ ಮಾತೇ ಕೆಟ್ಟುಹೋಗುತ್ತದಲ್ಲ, ಅದಕ್ಕೇನು ಮಾಡೋಣ? ಪಕ್ಕದ ನಾಡುಗಳ ದೊರೆಗಳ ಜೊತೆ ನಗುತ್ತಾ ಊಟಕ್ಕೆ ಕೂರುವವರು ಇರಾಕಿನಲ್ಲಿ ಮಾತ್ರ ಪ್ರಜೆಗಳ ಹಕ್ಕು ಎಂದರೆ, ಕೇಳುವವರು ಮಾತನ್ನು ಬಿಟ್ಟು ಬಾಯನ್ನು ನೋಡುತ್ತಾರೆ. ಅದೇ ಮಾತು ತಮ್ಮ ಮನಸ್ಸಿನಲ್ಲೂ ಬಹುಕಾಲದಿಂದ ಇತ್ತೆಂಬುದನ್ನು ಹೇಳಿಕೊಳ್ಳಲು ಆಮೇಲೆ ಆ ಕೇಳುವವರಿಗೇ ನಾಚಿಕೆ.

ಹಾಗೆಯೇ ಆಯಿತು. ಬಸ್ರಾದಲ್ಲಿ ಸಲ್ಮಾಳ ಹಳೆಯ ವಿದ್ಯಾರ್ಥಿನಿ ಹನಾ, ಈಗ ಅದೇ ಶಾಲೆಯ ಟೀಚರು, ಟೀಚರುಗಳ ಸಮಿತಿಯನ್ನು ನಾವೇ ವೋಟು ಹಾಕಿ ಆರಿಸೋಣ ಎಂದು ಮನೆಮನೆಗೆ ಹೋದಳಂತೆ. ಅದು ಸಲ್ಮಾ ಕ್ಲಾಸಿನಲ್ಲಿ ಬಿತ್ತಿದ ಆಸೆ, ಯಾವ ರೇಡಿಯೊವೂ ಹುಟ್ಟಿಸಿದ್ದಲ್ಲ. ಆದರೆ ಬಾಗಿಲು ತೆರೆದವರು ‘ಇದು ರೇಡಿಯೊ ಮಾತು, ಯಾರ ಕಡೆಯವಳಮ್ಮಾ ನೀನು’ ಎಂದು ಮುಚ್ಚಿಕೊಂಡರು. ಜೊತೆಗೆ ನಿಲ್ಲಬೇಕಾದವರೇ ಹಾಗೆಂದ ಮೇಲೆ ಅವಳನ್ನು ಹಿಡಿದೊಯ್ಯುವುದು ಸರ್ಕಾರಕ್ಕೆ ಎಷ್ಟರ ಕೆಲಸ? ಜೋರ್ಡಾನಿಗೆ ದಾಟಿಬಂದ ಸಲ್ಮಾಳ ತಂಗಿ ಫೋನಿನಲ್ಲಿ ಇದನ್ನೆಲ್ಲ ಹೇಳಿದಳು.

ಆ ಬೆಳಗ್ಗೆ ಸಲ್ಮಾ ಎಂದಿನಂತೆ ಬಂದು ಕೂತಳು. ಡಿಕಾಕ್ಷನ್ನಿಗೆ ಹಾಲು ಬೆರೆಸಿ ಸ್ಟೀಲ್ ಲೋಟದಲ್ಲಿ ಕೊಟ್ಟೆ. ಅವಳು ಅದನ್ನು ಮೇಜಿನ ಮೇಲೆ ಇಟ್ಟು, ಕೈಗಳನ್ನು ಮಡಿಲಿಗೆ ತಂದುಕೊಂಡಳು.

ನಾನು ಕೇಳಿದೆ. “ಏನು ಬೇಕು ಸಲ್ಮಾ, ಹೇಳು.”

“ನಾನು ಮಾತಾಡಿದ್ದರೂ ಅವಳನ್ನ ಉಳಿಸೋಕೆ ಆಗ್ತಿರಲಿಲ್ಲ ಅಂತ ಹೇಳು, ಅಕ್ಕಾ. ನನ್ನ ಧ್ವನಿ ಕೇಳಿದ್ದರೆ ಯಾರಾದರೂ ಬಾಗಿಲು ತೆಗೀತಿದ್ದರೇನೋ ಅಂತ ಅನ್ನಿಸ್ತಿದೆ. ಇಲ್ಲ ಅಂತ ಹೇಳು.”

ಸಿಸ್ಟರುಗಳು ಕಲಿಸಿದ ಮ್ಯಾನರ್ಸಿನ ಪ್ರಕಾರ, ಇಲ್ಲ ಡಿಯರ್, ಖಂಡಿತ ಇಲ್ಲ ಎಂದುಬಿಡುವುದು ನನಗೆ ಸುಲಭವಿತ್ತು. ಅದು ನಿಜವೂ ಆಗಿರಬಹುದು. ಆದರೆ ಯಾರ ಬಲದ ಮೇಲೆ ಆ ಮಾತು ಕೊಡಲಿ? ಬಾಯಿಗೆ ಬಂದ ಸಮಾಧಾನವನ್ನು ರೇಡಿಯೊದಲ್ಲಿ ಊದಿದವರನ್ನು ನಾವಿಬ್ಬರೂ ಕಂಡಿದ್ದೆವು. ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ‘ಕುಡಿ, ಆಯಿತು’ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ, ಅವಳ ಕೈ ಲೋಟದ ಕಡೆಗೆ ಹೋಗಲಿಲ್ಲ. ನಮ್ಮಿಬ್ಬರ ಕಣ್ಣೆದುರಿಗೇ ಅದರ ಮೇಲೆ ಕೆನೆ ಕಟ್ಟಿತು.