ಮೇಲಿನ ಹಲ್ಲಿಗೂ ಕಣ್ಣಿಗೂ ನಡುವೆ

ಹಲ್ಲುನೋವು ಬಂದರೆ ನಮ್ಮವ್ವ ಊಟ ಬಿಟ್ಟಾಳು, ಮಾತು ಬಿಡುವವಳಲ್ಲ. ಹೋದ ವರ್ಷ ಮೇಲಿನ ದವಡೆಹಲ್ಲು ಹುಳುಕಾಗಿ, ಬಾಯಲ್ಲಿ ಉಂಡಿ ಇಟ್ಟುಕೊಂಡಂತೆ ಎಡಗೆನ್ನೆ ಉಬ್ಬಿತ್ತು. ಆಗಲೂ ಸಂತೆಕಲ್ಲೂರಿನಿಂದ ಫೋನು ಮಾಡಿ, ಲಿಂಗಸುಗೂರಿನಲ್ಲಿರುವ ನಾನು ಒಗ್ಗರಣೆಗೆ ಎಣ್ಣೆ ಸುರಿಯುವ ಬಗ್ಗೆ ತೊದಲುತ್ತಲೇ ಉಪದೇಶ ಮಾಡಿದಳು. ಆ ತೊದಲು ಕೇಳಿ ಗಾಬರಿಯಾಗಿ, ಹೋಗಿ ಮನೆಗೆ ಕರೆತಂದೆ.

ನಮ್ಮೂರ ಹಲ್ಲಿನ ಡಾಕ್ಟರು ಕೀವಿಗೆ ಗುಳಿಗೆ ಕೊಟ್ಟರು. ಬಾವು ಇಳಿದ ಮೇಲೆ ಹಲ್ಲು ತೆಗೆಯಲೇಬೇಕು, ಆದರೆ ಅದರ ಬೇರು ಮೂಗಿನ ಪಕ್ಕದ ಗಾಳಿಗೂಡಿಗೆ ತಾಗಿದಂತಿದೆ, ಸಿಂಧನೂರಿನಲ್ಲಿ ತ್ರೀಡಿ ಸ್ಕ್ಯಾನ್ ಮಾಡಿಸಿ ಸರ್ಜನ್ನರ ಕೈಯಲ್ಲೇ ತೆಗೆಸಿ ಎಂದರು. ಅವ್ವ ಗುಳಿಗೆಗೆ ಹೂಂ ಅಂದಳು. ಹಲ್ಲು ತೆಗೆಸಲು ಒಲ್ಲೆ ಅಂದಳು.

"ಮ್ಯಾಲಿನ ಹಲ್ಲಿಗೂ ಕಣ್ಣಿಗೂ ಒಂದೇ ನರ. ಕಿತ್ತರ ಕಣ್ಣು ಹೋಗತಾವು."

"ಯಾರ್ ಹೇಳಿದ್ರು ಬೇ ನಿನಗ?"

"ಹೇಳೂದೇನ ಬಂತು? ನಮ್ಮವ್ವಂದು ನಾ ಕಣ್ಣಾರೆ ಕಂಡೀನಿ."

ನಮ್ಮಜ್ಜಿ ಮೇಲಿನ ಹಲ್ಲು ಕೀಳಿಸಿಕೊಂಡ ಮೇಲೆ ಕಣ್ಣು ಮಬ್ಬಾಗುತ್ತ ಬಂದು, ಕಡೆಗೆ ಏನೂ ಕಾಣದಂತಾಗಿದ್ದಳು. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದ ಆಕೆಯನ್ನು ನಾನೂ ನೋಡಿದ್ದೇನೆ. ತನಗೂ ಅದೇ ಗತಿ ಬಂದೀತು ಎಂಬ ಅಂಜಿಕೆ ಅವ್ವನದು. ಕೀವು ಏರಿ ಅವ್ವನಿಗೇ ಏನಾದರೂ ಆದೀತು ಎಂಬ ಅಂಜಿಕೆ ನನ್ನದು.

"ಬರೇ ಫೋಟೋ ತೆಗಸೋಣು, ನಡಿ" ಎಂದು ಪುಸಲಾಯಿಸಿ, ಬಾವು ಇಳಿದ ಮೇಲೆ ಸಿಂಧನೂರಿನ ಬಸ್ಸು ಹತ್ತಿಸಿದೆ. ಮಸ್ಕಿ ಬಂದದ್ದೇ ತಡ, ಅವ್ವ ಚೀಲ ಹಿಡಿದು ಎದ್ದು ನಿಂತಳು. ಅಲ್ಲಿ ಆಕೆಯ ತಂಗಿಯ ಮನೆ ಇದೆ, ಮಾತಾಡಿಸದೆ ಹೋದರೆ ಪಾಪ ನೊಂದುಕೊಳ್ಳುತ್ತಾಳಂತೆ! ಆ ತಂಗಿಯ ಜೊತೆ ಮಾತು ಬಿಟ್ಟು ಯಾವ ಕಾಲವಾಗಿತ್ತೋ. ಸೆರಗು ಹಿಡಿದು ಜಗ್ಗಿ ಕೂರಿಸಿದೆ. ಸಿಂಧನೂರು ಬರುವತನಕ ಕಿಟಕಿಯಾಚೆಯ ಭತ್ತದ ಗದ್ದೆಗಳ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದಳು.

ದವಾಖಾನೆಯಲ್ಲಿ ಮೂಗುತಿ, ಬೆಂಡೋಲೆ ಬಿಚ್ಚಿಸಿದರು. ಗದ್ದವನ್ನು ಮಿಷಿನ್ನಿನ ಮೇಲಿರಿಸಿ, ಅಲುಗಾಡಬಾರದು, ಮಾತಾಡಬಾರದು ಎಂದು ತಾಕೀತು ಮಾಡಿದರು. ಮಿಷಿನ್ನಿನ ತೋಳು ತಲೆಯ ಸುತ್ತ ಗುಂಯ್ ಎಂದು ಒಂದು ಸುತ್ತು ಬಂತು. ಎಚ್ಚರವಿದ್ದೂ ಅವ್ವ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಮೊದಲ ಸಲ ನೋಡಿದೆ. ಇಂಥದ್ದೊಂದು ಮನೆಯಲ್ಲೂ ಇದ್ದರೆ ಎಷ್ಟು ಚೆನ್ನ ಅನಿಸಿತು.

ಸರ್ಜನ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನ ಪರದೆಯ ಮೇಲೆ ಒಂದು ತಲೆಬುರುಡೆ ಮೂಡಿಸಿ ನಮ್ಮತ್ತ ತಿರುಗಿಸಿದರು.

"ಇದು ಯಾರ್ದು ಯವ್ವಾ?" ಅಂದಳು ಅವ್ವ.

"ನಿಮ್ಮದೇ ಅಮ್ಮಾ."

"ಅಯ್ಯ ಶಿವನ! ಇಷ್ಟು ಸೊರಗೀನೇನು?" ಎಂದು ನನ್ನತ್ತ ತಿರುಗಿ, "ನಿನ್ನ ಮನ್ಯಾಗ ನಾಕ ದಿನ ಉಂಡಿದ್ದಕ್ಕ ನೋಡು" ಅಂದಳು.

ಡಾಕ್ಟರು ನಗುತ್ತ ಬುರುಡೆಯನ್ನು ಹೊರಳಿಸಿ, ಹಲ್ಲಿನ ಬೇರು, ಅದರ ಮೇಲಿನ ತೆಳ್ಳನೆಯ ಎಲುಬು, ಆಚೆಗಿನ ಗಾಳಿಗೂಡು ತೋರಿಸಿದರು. "ಹಲ್ಲು ಇಡಿಯಾಗಿ ಜಗ್ಗಂಗಿಲ್ರಿ. ಕತ್ತರಿಸಿ ಒಂದೊಂದು ಬೇರು ತೆಗಿತೀವಿ. ಎಲ್ಲಿ ಹುಷಾರಾಗಿರಬೇಕು ಅನ್ನೋದು ಈಗ್ಲೇ ಕಂಡತಲ್ಲ."

"ಅದಿರ್ಲಿ. ಕಣ್ಣು ತೋರ್ಸು."

ಕಣ್ಣಿನ ಗೂಡು ತೋರಿಸಿದರು. ಅವ್ವ ಪರದೆಯ ಮೇಲೇ ಬೆರಳಿಟ್ಟು ನಡುವಿನ ಅಂತರ ನೋಡಿದಳು. ಮಗ್ಗುಲಿಂದ ತಿರುಗಿಸು ಅಂದಳು, ಕೆಳಗಿಂದ ತೋರಿಸು ಅಂದಳು. ಅಂಗಡಿಯಲ್ಲಿ ಸೀರೆ ಬಿಚ್ಚಿಸಿದಂತೆ ತನ್ನ ತಲೆಯನ್ನೇ ನಾಕೂ ಕಡೆ ತಿರುಗಿಸಿ ನೋಡಿದಳು. ಡಾಕ್ಟರು ಬೇಸರಿಸಲಿಲ್ಲ.

"ಕಣ್ಣಿನ ನರ ಈ ಗೂಡಿನ ಹಿಂದಿಂದ ಸೀದಾ ಮೆದುಳಿಗೆ ಹೋಗತೈತ್ರಿ ಅಮ್ಮಾ. ಹಲ್ಲಿನ ಕಡಿಗೆ ಬರೂದೇ ಇಲ್ಲ."

"ಹಂಗಾರ ನಮ್ಮವ್ವನ ಕಣ್ಣು ಯಾಕ ಹೋದ್ವು?"

ಹೇಗೆ ಶುರುವಾಯಿತು ಎಂದು ಡಾಕ್ಟರು ಕೇಳಿದರು. ಮೊದಮೊದಲು ಹೊಗೆ ಕವಿದ ಹಾಗೆ ಅನ್ನುತ್ತಿದ್ದಳು, ಬರಬರುತ್ತ ಕಣ್ಣಿನ ಪಾಪೆ ಬೆಳ್ಳಗಾಯಿತು ಎಂದು ಅವ್ವ ಹೇಳಿದಳು.

"ನಾ ನೋಡಿಲ್ಲ, ಖಾತ್ರಿ ಹೇಳಾಕ ಬರಂಗಿಲ್ರಿ. ಆದ್ರ ವಯಸ್ಸಿಗೆ ಬರೂ ಪೊರಿ ಇದ್ದಂಗ ಕಾಣತೈತಿ. ಅದನ್ನ ತೆಗೆಸಿದ್ರ ಭಾಳ ಮಂದಿಗೆ ಮತ್ತ ಕಾಣತೈತಿ. ಕಣ್ಣಿನ ಡಾಕ್ಟ್ರು ಏನಂದಿದ್ರು?"

ಅವ್ವ ಈಗೇನೋ ಚಟಾಕಿ ಹಾರಿಸುತ್ತಾಳೆ ಅಂದುಕೊಂಡು ನಾನು ನಗಲು ತಯಾರಾಗಿದ್ದೆ. ಆಕೆ ಪರದೆಯನ್ನೇ ನೋಡುತ್ತಿದ್ದಳು.

"ತೋರಸ್ಲೇ ಇಲ್ಲ ಯವ್ವಾ. ಹಲ್ಲು ಕಿತ್ತಿದ್ದಕ್ಕ ಹೋಗ್ಯಾವು, ಇನ್ನೇನು ಮಾಡಾಕ ಬರತೈತಿ ಅಂತ ಸುಮ್ಮನ ಕುಂತ್ವಿ."

ಡಾಕ್ಟರು ಮೌಸಿನ ಮೇಲಿನ ಕೈ ತೆಗೆದು ಅವ್ವನ ಭುಜದ ಮೇಲಿಟ್ಟರು. ಅವ್ವ ಮೂಗು ಒರೆಸಿಕೊಂಡು ತಾನೇ ಎದ್ದು, ಯಾರೂ ಕರೆಯುವ ಮೊದಲೇ ಆಪರೇಶನ್ ಕುರ್ಚಿಯ ಮೇಲೆ ಹೋಗಿ ಕೂತಳು.

"ತೆಗಿ" ಅಂದಳು.