ಕೂಸಿನ ತಲೆ ಮುಟ್ಟಿ ಆಡಿದ ಮಾತು

ಬೀಡಿ ಬಿಟ್ಟೆ ಅಂತ ನಾನು ಜಂಬ ಕೊಚ್ಚುವುದಿಲ್ಲ. ನನ್ನ ಹೆಂಡತಿ ಬಿಡಿಸಿದಳು.

ಸವಣೂರಿನಲ್ಲಿ ನನ್ನದು ವೀಳ್ಯದೆಲೆ ವ್ಯಾಪಾರ. ತೋಟದಿಂದ ಎಲೆ ತಂದು, ಪೆಂಡಿ ಕಟ್ಟಿ, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಅಂತ ಸಂತೆ ಸಂತೆ ತಿರುಗುತ್ತಿದ್ದೆ. ದಿನಕ್ಕೆ ಎರಡು ಕಟ್ಟು ಬೀಡಿ ಸುಡುತ್ತಿದ್ದೆ. ಒಂದು ಮಧ್ಯಾಹ್ನ ಊಟ ಮಾಡಿ, ಎರಡು ವರ್ಷದ ಮಗಳ ತೊಟ್ಟಿಲು ತೂಗುತ್ತ ಬೀಡಿ ಹಚ್ಚಿದವನಿಗೆ ಹಾಗೇ ಜೊಂಪು ಹತ್ತಿತು. ಬೀಡಿಯ ಕೆಂಡ ಕೂಸಿಗೆ ಹೊದಿಸಿದ ಕೌದಿಯ ಮೇಲೆ ಬಿತ್ತು. ಹೆಂಡತಿ ಹಿತ್ತಲಿನಿಂದ ಚೀರುತ್ತ ಓಡಿ ಬಂದು ಕೂಸನ್ನು ಎತ್ತಿಕೊಂಡಾಗಲೇ ನನಗೆ ಎಚ್ಚರವಾದದ್ದು. ಕೌದಿಯಲ್ಲಿ ಅಂಗೈಯಗಲದ ತೂತು ಬಿದ್ದಿತ್ತು. ಕೂಸಿನ ಮೈಗೆ ಏನೂ ಆಗಿರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು, ಹೊರಗೆ ಹೋಗಿ ಇನ್ನೊಂದು ಬೀಡಿ ಹಚ್ಚುತ್ತಿದ್ದೆ, ಅಂಥ ಮನುಷ್ಯ ನಾನು. ಅವಳು ನನ್ನ ಬಲಗೈ ಹಿಡಿದು ಕೂಸಿನ ನೆತ್ತಿಯ ಮೇಲೆ ಇಟ್ಟಳು.

“ಬೀಡಿ ಬಾಯಾಗ ಇಡೂದಿಲ್ಲ ಅನ್ರಿ.”

“ಸೇದೂದಿಲ್ಲ ಬಿಡ, ಮಾರಾಯ್ತಿ.”

“ಸೇದೂದಿಲ್ಲ ಅಲ್ಲ. ಬಾಯಾಗ ಇಡೂದಿಲ್ಲ ಅನ್ರಿ.”

ಅಂದೆ. ನಮ್ಮ ಕಡೆ ಕೂಸಿನ ತಲೆ ಮುಟ್ಟಿ ಆಣೆ ಇಟ್ಟು ತಪ್ಪಿದರೆ ಆ ಕೂಸು ಉಳಿಯುವುದಿಲ್ಲ ಎಂದು ನಂಬಿಕೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಆಮೇಲಿನ ದಿನಗಳು ಶತ್ರುವಿಗೂ ಬೇಡ. ಎಲೆಗೆ ನೀರು ಚಿಮುಕಿಸುತ್ತ ಕೂತಾಗ ಕೈ ತಾನಾಗಿ ಕಿವಿಯ ಸಂದಿಗೆ ಹೋಗುತ್ತಿತ್ತು, ಅಲ್ಲಿ ಸಿಕ್ಕಿಸಿದ ಬೀಡಿ ಇರುತ್ತಿರಲಿಲ್ಲ. ಸಂತೆಯಲ್ಲಿ ಗಿರಾಕಿಗಳ ಮೇಲೆ ವಿನಾಕಾರಣ ಹರಿಹಾಯುತ್ತಿದ್ದೆ. ಪಕ್ಕದ ಅಂಗಡಿಯವನು ಸೇದಿದ ಹೊಗೆ ಮೂಗಿಗೆ ಬಡಿದರೆ ಮೊದಲು ಬಾಯಲ್ಲಿ ನೀರು, ಮರುಕ್ಷಣ ಹೆದರಿಕೆ. ಹೊಗೆ ಬಾಯೊಳಗೆ ಹೋದರೆ ಅದೂ ಬಾಯಲ್ಲಿ ಇಟ್ಟ ಲೆಕ್ಕವೇ? ಯಾರನ್ನು ಕೇಳಲಿ? ಒಮ್ಮೆ ಮಧ್ಯಾಹ್ನದ ನಿದ್ದೆಯಲ್ಲಿ ಹಾಯಾಗಿ ಬೀಡಿ ಸೇದಿದ ಕನಸು ಬಿತ್ತು. ಧಡಕ್ಕನೆ ಎದ್ದು ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡಿದೆ.

ಮೂರು ತಿಂಗಳು ಹೀಗೇ ಕಳೆಯಿತು. ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಊರಿಗೆ ಗುಂಡಿನ ಸಪ್ಪಳ ಬರಲಿಲ್ಲ, ಆದರೆ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆ ಸಿಗುವುದೇ ಕಷ್ಟವಾಯಿತು. ಒಂದು ಮುಂಜಾನೆ ಗಾಡಿಯಲ್ಲಿ ಎಲೆ ಹೇರಿಕೊಂಡು ಶಿಗ್ಗಾಂವಿ ಸಂತೆಗೆ ಹೊರಟಿದ್ದೆ. ಗಾಡಿ ಹೊಡೆಯುವವರು ನಮ್ಮ ಹಿಂದಿನ ಓಣಿಯ ಹಿರಿಯ ಸಾಬರು. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ. ಎದುರಿಗೆ ಬಂದ ಲಾರಿಗೆ ಎತ್ತುಗಳು ಬೆದರಿದ್ದವು. ಚಾಚಾ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು ಕೂತಿದ್ದರು.

“ಸಾವ್ಕಾರ್ರ, ಒಂದ ಬೀಡಿ ಹಚ್ಚಿ ಕೊಡ್ರಿ. ಕಡ್ಡಿ ಒಂದ ಉಳದೈತಿ, ಹುಷಾರ್ ಮತ್ತ.”

ಗಾಡಿ ಹೊಡೆಯುವವರ ಕೈ ಬಿಡುವಿಲ್ಲದಾಗ ಪಕ್ಕದಲ್ಲಿ ಕೂತವರು ಹಚ್ಚಿ ಕೊಡುವುದು ವಾಡಿಕೆ. ಎಂಜಲು ಗಿಂಜಲು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಬಯಲುಗಾಳಿಗೆ ಬೀಡಿಯನ್ನು ಬರೀ ಕೈಯಲ್ಲಿ ಹಿಡಿದು ಕಡ್ಡಿ ಗೀರಿದರೆ ಹೊತ್ತುವುದಿಲ್ಲ, ಬಾಯಲ್ಲಿಟ್ಟು ಒಂದು ದಮ್ಮು ಎಳೆಯಲೇಬೇಕು. ನಾನು ಗಾಳಿಗೆ ಬೆನ್ನು ಕೊಟ್ಟೆ, ಕಡ್ಡಿ ಗೀರಿದೆ, ಅಂಗೈ ಮರೆ ಮಾಡಿ ಎಳೆದೆ. ಹೊತ್ತಿತು! ಒಂದೇ ಕಡ್ಡಿಯಲ್ಲಿ ಹಚ್ಚಿದೆನಲ್ಲ ಎಂದು ಖುಷಿಯಿಂದಲೇ ಚಾಚಾನ ಕಡೆ ಕೈ ಚಾಚಿದೆ. ಅಷ್ಟರಲ್ಲಿ ನೆನಪಾಯಿತು.

“ಯಾಕ್ರಿ, ಕೊಡದ ಹಂಗ ಹಿಡಕೊಂಡ ಕುಂತ್ರಿ?”

“ಬಾಯಾಗ ಇಟ್ಟೆ, ಚಾಚಾ.”

“ಯಾ ಅಲ್ಲಾ! ನೀವು ಬಿಟ್ಟದ್ದ ಮರತೇನಿ ನೋಡ್ರಿ. ಹೋಗ್ಲಿ, ಹಚ್ಚೂದ ಬ್ಯಾರೆ, ಸೇದೂದ ಬ್ಯಾರೆ. ಚಿಂತಿ ಬ್ಯಾಡ.”

ಪಾಪ, ಅವರಿಗೆ ಆಣೆಯ ವಿಷಯ ಗೊತ್ತಿರಲಿಲ್ಲ. ಆ ದಿನ ಸಂತೆಯಲ್ಲಿ ಏನು ಮಾರಿದೆನೋ ದೇವರೇ ಬಲ್ಲ. ಹಚ್ಚೂದ ಬ್ಯಾರೆ, ಸೇದೂದ ಬ್ಯಾರೆ ಎಂದು ನೂರು ಸಲ ಹೇಳಿಕೊಂಡೆ. ಆದರೆ ನಾನು ಆಡಿದ್ದು ಸೇದುವ ಮಾತಲ್ಲವಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಎರಡು ಮನೆ ಆಚೆ ಸಿಡುಬು ಬಂದು, ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿ ಆಗಲೇ ವಾರವಾಗಿತ್ತು.

“ಯಾವಾಗಿಂದ?” ಎಂದೆ.

“ನೀವು ಹ್ವಾದಿಂದ ಒಂದ ತಾಸಿಗೆ ಮೈ ಸುಡಾಕ ಹತ್ತಿತು.”

ಲಾರಿ ಎದುರಾದದ್ದು ಸುಮಾರು ಅದೇ ಹೊತ್ತಿಗೆ. ಅವಳು ನನ್ನ ಮುಖ ನೋಡಿದಳು.

“ಬಾಯಾಗ ಇಟ್ರೇನು?”

“ಇಲ್ಲ.”

“ಹಂಗಾದ್ರ ತಲಿ ಮುಟ್ಟಿ ಹೇಳ್ರಿ.”

ಕೈ ಎತ್ತಿದೆ. ಗೇಣು ದೂರದಲ್ಲೇ ಕೂಸಿನ ಜ್ವರದ ಝಳ ಅಂಗೈಗೆ ತಾಗಿತು. ಆ ಗೇಣು ದಾಟಲು ನನ್ನಿಂದ ಆಗಲಿಲ್ಲ. ಅಲ್ಲೇ ಕುಸಿದು, ಚಾಚಾ, ಗಾಳಿ, ಕಡ್ಡಿ ಎಲ್ಲವನ್ನೂ ಅಳುತ್ತ ಒದರಿಬಿಟ್ಟೆ.

ಅವಳು ಚೀರಿಕೊಳ್ಳುತ್ತಾಳೆ, ಕೂಸನ್ನು ಎತ್ತಿಕೊಂಡು ತವರಿಗೆ ನಡೆಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈಯನ್ನು ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

“ಕೂಸಿನ ಮ್ಯಾಲಿನ ಆಣಿ ತಗದೇನಿ. ಇನ್ನ ಅದು ನನ್ನ ತಲಿ ಮ್ಯಾಲ. ಏನ ಬರೂದಿದ್ರೂ ನನಗ ಬರ್ಲಿ.”

“ಹುಚ್ಚೀ, ಹಂಗ ಅನಬ್ಯಾಡ!”

ಕೈ ಎಳೆದುಕೊಳ್ಳಲು ನೋಡಿದೆ. ಅವಳು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

ಮೂರನೆಯ ದಿನ ಜ್ವರ ಬಿಟ್ಟಿತು. ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಮುಂಜಾನೆ ಮಗಳು ಎದ್ದು ಕೂತು ರೊಟ್ಟಿ ಬೇಡಿದಳು. ಹೆಂಡತಿ ನಗುತ್ತ ಒಲೆ ಹಚ್ಚಲು ಹೋದಳು. ಪಡಸಾಲೆಯಲ್ಲಿ ಎಲೆ ಪೆಂಡಿ ಕಟ್ಟುತ್ತಿದ್ದ ನನಗೆ ಅವಳು ಕೆಮ್ಮಿದ್ದು ಕೇಳಿಸಿತು. ಪೆಂಡಿ ಅಲ್ಲೇ ಬಿಟ್ಟು ಓಡಿದೆ.

“ಯಾಕ ಓಡಿ ಬಂದ್ರಿ?”

“ನೀ ಕೆಮ್ಮಿದಿ.”

“ಅಯ್ಯ, ಹಸಿ ಕಟಗಿ ಐತ್ರಿ. ಒಲಿ ಹೊಗಿ ಅದು.”

ಅವಳನ್ನು ಪಕ್ಕಕ್ಕೆ ಸರಿಸಿ, ಊದುಗೊಳವೆ ಕಸಿದುಕೊಂಡು ಬಾಯಿಗೆ ಇಟ್ಟೆ. ಇಟ್ಟವನು, ಅದೂ ಬೀಡಿಯೇ ಎಂಬಂತೆ ಬೆಚ್ಚಿ ಬಿಸಾಕಿದೆ. ಅವಳ ಮುಖ ನೋಡುವ ಧೈರ್ಯವಾಗದೆ, ನೆಲಕ್ಕೆ ಗದ್ದ ಹಚ್ಚಿ ಬರಿಬಾಯಿಂದಲೇ ಒಲೆ ಊದತೊಡಗಿದೆ.